ಸಾವಾದ ಮನೆಯ ಕ್ಯಾರಲ್

ಎಪ್ಪತ್ತೊಂಬತ್ತರ ಕ್ರಿಸ್‌ಮಸ್‌ನಲ್ಲಿ ಸತ್ಯಮಿತ್ರನ ಮುಖವನ್ನೇ ನೋಡಬಾರದು ಎಂದು ನಾನು ತೀರ್ಮಾನಿಸಿದ್ದೆ. ಆ ಮುಖ ನೋಡಲು ಅಷ್ಟು ಚೆನ್ನಾಗಿತ್ತು ಎನ್ನುವುದೇ ನನ್ನ ಕೋಪಕ್ಕೆ ಇನ್ನೊಂದು ಕಾರಣ.

ಮಳೆಗಾಲದಲ್ಲಿ ಅಪ್ಪ ತೀರಿಕೊಂಡಿದ್ದರು. ಜಯನಗರದ ಬಾಡಿಗೆ ಮನೆಯಲ್ಲಿ ಉಳಿದವರು ಅಮ್ಮ, ನಾನು. ಅಮ್ಮ ಅಳಲಿಲ್ಲ, ಚರ್ಚಿಗೂ ಬರಲಿಲ್ಲ. ಕೋಲಾರದ ಸೋದರಮಾವ ಮನೆ ಖಾಲಿ ಮಾಡಿ ಬನ್ನಿ ಎಂದು ಕರೆಯುತ್ತಲೇ ಇದ್ದರು. ನನಗೆ ಸುತರಾಂ ಇಷ್ಟವಿರಲಿಲ್ಲ. ನನ್ನ ಕೆಲಸ, ಗೆಳತಿಯರು, ಚರ್ಚಿನ ಹಾಡುಗಾರರ ತಂಡವಾದ ಕಾಯರ್ ಎಲ್ಲ ಇಲ್ಲೇ. ಕಾಯರಿನಲ್ಲಿ ನನ್ನೆದುರಿನ ಸಾಲಿನಲ್ಲಿ ಗಂಡಸರ ಏರುದನಿ ಟೆನರ್ ಹಾಡುತ್ತಿದ್ದ ಸತ್ಯಮಿತ್ರನೂ ಇಲ್ಲೇ. ಹಾಡಿನ ನಡುವೆ ನಮ್ಮ ಕಣ್ಣು ಕೂಡಿದರೆ ಪಾಪ, ಅವನಿಗೆ ಸಾಲೇ ಮರೆತುಹೋಗುತ್ತಿತ್ತು.

"ಕ್ರಿಸ್‌ಮಸ್ ಹಾಡು ಹಾಡ್ತಾ ಮನೆಮನೆಗೆ ಕ್ಯಾರಲ್‌ನೋರು ಬರ್ತಾರಲ್ಲ, ಅದು ಮುಗೀಲಿ. ಆಮೇಲೆ ಯೋಚನೆ ಮಾಡೋಣ," ಎಂದರು ಅಮ್ಮ. ಕ್ಯಾರಲ್ ದಿನ, ಎಷ್ಟೋ ಕಾಲದ ನಂತರ ಒಲೆಯ ಮುಂದೆ ನಿಂತು ಕರ್ಜಿಕಾಯಿ ಕರಿದರು.

ಸಂಜೆ ಪಕ್ಕದ ಬೀದಿಯಲ್ಲಿ ಗಿಟಾರ್ ಕೇಳಿಸಿತು. ಆ ವರ್ಷ ನಾನು ತಂಡದ ಜೊತೆ ಹೋಗದೆ ಅಮ್ಮನ ಜೊತೆ ಉಳಿದಿದ್ದೆ. ಇಬ್ಬರೂ ಬಾಗಿಲಲ್ಲಿ ನಿಂತೆವು. ನಮ್ಮ ಗೇಟು ಹತ್ತಿರವಾಗುತ್ತಲೇ ಹಾಡು ನಿಂತಿತು. ತಂಡದವರು ತಲೆ ತಗ್ಗಿಸಿ, ಚಪ್ಪಲಿ ಸದ್ದೂ ಮಾಡದೆ ದಾಟಿಹೋದರು. ಎಲ್ಲರಿಗಿಂತ ಮುಂದೆ ಸತ್ಯಮಿತ್ರ.

ಅಮ್ಮ ಬಾಗಿಲು ಹಾಕಿದರು. "ಕೋಲಾರಕ್ಕೆ ಹೋಗೋಣ, ಜಯಾ. ಇಲ್ಲಿ ನಮ್ಮೋರು ಅಂತ ಯಾರಿದ್ದಾರೆ?"

ಹಬ್ಬ ಹೇಗೋ ಕಳೆಯಿತು. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚ್ ಕಾಂಪೌಂಡಿನಲ್ಲಿ ಅವನನ್ನು ತಡೆದೆ.

"ಏನ್ರೀ, ನಮ್ಮನೆ ಗೇಟಲ್ಲಿ ನಾಯಿ ಇದೆ ಅಂತ ಬೋರ್ಡ್ ಹಾಕಿದ್ವಾ?"

"ಅಯ್ಯೋ, ಹಾಗಲ್ಲ. ಸಾವಾದ ಮನೆ ಮುಂದೆ ವರ್ಷ ತುಂಬೋವರೆಗೂ ಹಾಡಲ್ಲ, ಪದ್ಧತಿ ಅದು. ನಿಮ್ಮಮ್ಮನಿಗೆ ನೋವಾಗುತ್ತೆ ಅಂತ..."

"ಬಂದು ಒಂದು ಮಾತು ಕೇಳೋಕೆ ಬಾಯಿರಲಿಲ್ವಾ? ಅಷ್ಟು ಎತ್ತರಕ್ಕೆ ಹಾಡ್ತೀರಿ."

ಅವನ ಕಿವಿ ಕೆಂಪಾಯಿತು. "ನಿಮ್ಮ ಮುಂದೆ ನನಗೆ ಯಾವತ್ತು ಬಾಯಿ ಬಂದಿದೆ, ಜಯಶೀಲಾ?"

ಆ ಮಾತು ಕೇಳಿಯೂ ಬಿಗುಮಾನ ಬಿಡದೆ, "ಬುಧವಾರ ಲಾರಿ ಬರುತ್ತೆ. ಹೊರಟ್ವಿ," ಎಂದು ತಿರುಗಿ ನಡೆದೆ. ಗೇಟು ದಾಟುವವರೆಗೆ ಕಣ್ಣೀರು ತಡೆದುಕೊಂಡೆ.

ಮರುದಿನ ಅಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಇಡೀ ಕಾಯರ್ ಬಂದು ನಿಂತಿತ್ತು, ಆಫೀಸಿನಿಂದ ನೇರವಾಗಿ, ಊಟದ ಡಬ್ಬಿಗಳ ಸಮೇತ. ಹೊರಗೆ ಇನ್ನೂ ಬಿಸಿಲು. ಕ್ಯಾರಲ್ ಹಾಡುವ ಹೊತ್ತೂ ಅಲ್ಲ, ಹಬ್ಬವೂ ಮುಗಿದಿತ್ತು.

"ತಪ್ಪಾಯ್ತು ಆಂಟಿ," ಎಂದ ಸತ್ಯಮಿತ್ರ. "ಹಾಡಿ ಅಂದ್ರೆ ಹಾಡ್ತೀವಿ. ಬೇಡ ಅಂದ್ರೆ ಸುಮ್ನೆ ನಿಮ್ ಜೊತೆ ಕೂತಿದ್ದು ಹೋಗ್ತೀವಿ."

ಅಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. ಅಪ್ಪ ಆ ಕಾಯರಿನಲ್ಲಿ ವರ್ಷಗಟ್ಟಲೆ ಕೆಳದನಿ ಬಾಸ್ ಹಾಡಿದವರು.

"ಅವರ ಜಾಗದಲ್ಲಿ ಈಗ ಯಾರು ಹಾಡ್ತಾರಪ್ಪ?"

"ಯಾರೂ ಇಲ್ಲ ಆಂಟಿ. ಆ ಜಾಗ ಖಾಲಿ ಬಿಟ್ಕೊಂಡೇ ನಿಲ್ತೀವಿ. ಹಾಡು ಚೂರು ಜೊಳ್ಳಾಗುತ್ತೆ, ಆಗ್ಲಿ ಅಂತ."

ಮಣ್ಣು ಮಾಡಿ ಬಂದ ದಿನದಿಂದ ಒಂದು ಹನಿ ಕಣ್ಣೀರು ಹಾಕದ ಅಮ್ಮ ಅಲ್ಲೇ ಗೋಣಿಚೀಲದ ಪಕ್ಕ ಕುಸಿದು ಅತ್ತುಬಿಟ್ಟರು. ಹೆಂಗಸರು ಸುತ್ತ ನೆಲದ ಮೇಲೆ ಕೂತು ಅವರನ್ನು ಹಿಡಿದುಕೊಂಡರು. ಅಳು ತಗ್ಗಿದ ಮೇಲೆ ಅಮ್ಮನೇ, "ಹಾಡಿ," ಎಂದರು. ಹಾಡಿದರು. ನಾನು ಅಮ್ಮನ ಪಕ್ಕ ಕೂತು ಕೇಳಿದೆ.

ಹಾಡು ಮುಗಿದಾಗ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಜಯಾ, ಆ ಚೀಲ ಬಿಚ್ಚು. ಇಷ್ಟು ಜನಕ್ಕೆ ಕಾಫಿ ಲೋಟ ಬೇಕು. ಎಲ್ಲಾ ಪಾತ್ರೆನೂ ತೆಗೆದುಬಿಡು, ಮತ್ತೆ ಕಟ್ಟೋದು ಬೇಡ."

ಲೋಟ ತೆಗೆಯಲು ಸತ್ಯಮಿತ್ರ ಪಕ್ಕದಲ್ಲಿ ಬಂದು ಕೂತ.

"ಲಾರಿಯವನಿಗೆ ಬೇಡ ಅಂತ ನಾನೇ ಹೇಳಿ ಬರ್ಲಾ?"

"ಯಾಕೆ? ನಾನು ಹೋದ್ರೆ ನಿಮಗೇನು ನಷ್ಟ?"

"ಇಷ್ಟ ಆದೋರು ಊರು ಬಿಟ್ರೆ ನಷ್ಟ ಆಗಲ್ವಾ?" ಎಂದ, ಲೋಟದ ಕಡೆ ನೋಡಿಕೊಂಡೇ.

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. "ಹೇಳಿ ಬನ್ನಿ," ಎಂದೆ. "ಬೇಗ ಬನ್ನಿ, ಕಾಯ್ತಿರ್ತೀನಿ."