ಎರಡು ಸುತ್ತಿನ ಕೊಂಡಿ

ಪರಶಪ್ಪನನ್ನು ಮೊದಲ ಸಲ ನೋಡಿದ ದಿನವೇ ಅವನ ರಕ್ತ ತೆಗೆದವಳು ನಾನು. ಐವತ್ತೈದನೇ ಇಸವಿ. ಗಜೇಂದ್ರಗಡದ ನಮ್ಮ ಮಗ್ಗದ ಮನೆಗೆ ಬಂದು, ಕೇಳದೆ ಕೆಂಪು ರೇಷ್ಮೆಯ ಲಡಿಗೆ ಕೈ ಹಾಕಿದ್ದ. ಲಾಳಿಯಿಂದ ಬೆರಳಿಗೆ ಬಾರಿಸಿದೆ.

"ಎವ್ವಾ! ಏನ್ ಹುಡಿಗಿ ಇದು!" ಬೆರಳನ್ನು ಬಾಯಿಗಿಟ್ಟುಕೊಂಡು ನಕ್ಕ. ಆ ನಗು ನೋಡಿ ಇನ್ನೊಂದು ಕೊಡಬೇಕೆನಿಸಿತು.

"ಏನ್ ಬೇಕಾಗಿತ್ತು?"

"ನನ್ನ ಲೌಡ್‌ಸ್ಪೀಕರ್ ಮದುವ್ಯಾಗ ಹಚ್ಚಿದ್ರ ಗುಂಯ್ ಅಂತೈತಿ. ಜೇನ್ ಎದ್ದಾವಂತ ಮಂದಿ ಓಡತಾರ. ಮೈಕಿನ ವೈರ್ ಹಾಳಾಗೈತಿ. ಎರಡು ತಾಮ್ರದ ತಂತಿ ಬಿಗಿಯಾಗಿ ಹುರಿ ಮಾಡಿ, ಮ್ಯಾಲೆ ರೇಷ್ಮಿ ಸುತ್ತಿಕೊಡ್ತೀಯೇನವಾ?"

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಣ್ಣ ನಿಂಗಪ್ಪನದೇ ಮಾತು. ಅವನು ಸೀರೆ ಮಾರಲು ಹೋದಾಗ ಮಾತ್ರ ನಮ್ಮ ಕೆಲಸ. ತಂತಿಯ ಒಂದು ತುದಿ ಪರಶಪ್ಪನ ಕೈಯಲ್ಲಿ, ಇನ್ನೊಂದು ತುದಿಯಲ್ಲಿ ತಿರುವುತ್ತಾ ನಾನು.

"ಬಿಗಿ ಹಿಡಿ," ಎನ್ನುತ್ತಿದ್ದೆ.

"ಹಿಡದೇನಿ. ಬಿಡಂಗಿಲ್ಲ." ಅವನ ಕಣ್ಣು ತಂತಿಯ ಮೇಲೆ ಇರುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಸುಳ್ಳು ಯಾಕೆ, ಭಾರೀ ಖುಷಿಯೂ ಆಗುತ್ತಿತ್ತು.

ಕೆಂಪು ರೇಷ್ಮೆ ಅರ್ಧಕ್ಕೇ ಮುಗಿಯಿತು. ಹಳದಿ ಜೋಡಿಸಿದೆ. ಸೀರೆಯ ಒಡಲಿಗೆ ಸೆರಗು ಸೇರಿಸುವ ಕೊಂಡಿಯನ್ನೇ ಕೈ ತಾನಾಗಿ ಹಾಕಿಬಿಟ್ಟಿತು. ಎರಡು ಸುತ್ತಿನ ಕೊಂಡಿ ನಮ್ಮ ಮನೆಯವರದು, ಬೇರೆ ಯಾರೂ ಹಾಕುವುದಿಲ್ಲ. ಅದೊಂದು ನೆನಪಾಗಲಿಲ್ಲ ನೋಡಿ ನನಗೆ.

ಅಷ್ಟರಲ್ಲಿ ನನ್ನನ್ನು ಸೋದರಮಾವನಿಗೆ ಕೊಡುವುದೆಂದು ಅಣ್ಣ ಮಾತು ಕೊಟ್ಟ.

ರೋಣದಲ್ಲಿ ನಮ್ಮ ಬಳಗದ ಮದುವೆ. ಲೌಡ್‌ಸ್ಪೀಕರ್ ಪರಶಪ್ಪನದು. ಊಟಕ್ಕೆ ಕೂತಿದ್ದೆ. ಬೇವಿನ ಮರಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರಿನ ಕಹಳೆಯಿಂದ ಫಟ್ಟೆಂದು ಏಟಿನ ಸದ್ದು ಬಂತು. ಪೆಂಡಾಲಿನ ಹಿಂದೆ ಮೈಕು ಚಾಲೂ ಇತ್ತು.

"ಈ ಕೊಂಡಿ ಯಾರ್ ಹಾಕ್ಯಾರ? ಹೇಳಲೇ!" ಅಣ್ಣನ ದನಿ.

"ಹುಬ್ಬಳ್ಳಿ ಬಜಾರದಾಗ ತಗೊಂಡೇನ್ರಿ," ಪರಶಪ್ಪನದು.

ಮತ್ತೆ ಏಟು. ಹಲ್ಲು ಮುರಿದದ್ದು, ಅವನು ರಕ್ತ ಉಗುಳಿದ್ದು, ಎಲ್ಲ ನಿಚ್ಚಳವಾಗಿ ಕೇಳಿತು. ನಾನು ಸುತ್ತಿದ ವೈರು ಅಷ್ಟು ಚೆನ್ನಾಗಿತ್ತು.

"ನನ್ನ ತಂಗಿ ಕೈ ಹೌದಲ್ಲೋ? ಖರೇ ಹೇಳು!"

"ಅಲ್ಲರಿ. ಅಕಿ ಯಾರಂತ ಗೊತ್ತಿಲ್ಲ ನನಗ."

ಸುಳ್ಳುಬುರುಕ! ನನ್ನ ಸಲುವಾಗಿ ಸಾಯಲು ನಿಂತಿದ್ದ. ಎಲೆ ದಾಟಿ ಓಡಿದೆ. ಪರಶಪ್ಪ ಮಣ್ಣಲ್ಲಿ ಬಿದ್ದಿದ್ದ, ಮುಖವೆಲ್ಲ ರಕ್ತ. ಅಣ್ಣ ಕುಡಗೋಲು ಎತ್ತಿದ್ದ. ಅವನ ಮುಂಗೈ ಕಚ್ಚಿದೆ, ಕುಡಗೋಲು ಬೀಳುವವರೆಗೂ ಬಿಡಲಿಲ್ಲ. ಕೂದಲು ಹಿಡಿದು ಎಳೆದ. ಒಂದು ಹಿಡಿ ಕೂದಲು ಅವನ ಕೈಗೇ ಹೋಯಿತು, ಮೈಕು ನನ್ನ ಕೈಗೆ ಬಂತು.

"ಕೇಳ್ರೆಪಾ ಎಲ್ಲಾರೂ! ಈ ವೈರ್ ಸುತ್ತಿದಾಕಿ ನಾನು, ಸಿದ್ದಲಿಂಗವ್ವ! ಮಾಡ್ಕೊಂಡ್ರ ಇವನ್ನ ಮಾಡ್ಕೊತೀನಿ. ಇವ ಸತ್ರ, ಕೊಂದಾವ ನಮ್ಮಣ್ಣ ನಿಂಗಪ್ಪ!"

ಅಣ್ಣ ಕುಡಗೋಲು ಹುಡುಕಿ ವೈರು ಕಡಿದ. ಕಹಳೆ ಸುಮ್ಮನಾಯಿತು. ಆದರೆ ಊರಿಗೆ ಊರೇ ಕೇಳಿಯಾಗಿತ್ತು. ಸೋದರಮಾವ ರುಮಾಲು ಕೊಡವಿಕೊಂಡು ಎದ್ದ. "ನಿಂಗ್ಯಾ, ನನಗ ಈ ಹುಡಿಗಿ ಬ್ಯಾಡೋ," ಎಂದವನೇ ನಡೆದ. ಅಣ್ಣ ಅಲ್ಲೇ ಕುಸಿದು ಕೂತ.

ಪರಶಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಬಾಯಿ ಒರೆಸಿದೆ. ಅಳು ತಡೆಯಲಾಗಲಿಲ್ಲ.

"ಹುಚ್ಚಾ, ಯಾಕ್ ಸುಳ್ಳ ಹೇಳಿದಿ?"

ಮುರಿದ ಹಲ್ಲಿನಲ್ಲೇ ನಕ್ಕ.

"ಅದ ಇರ್ಲಿ. ನೀ ಮಾತಾಡುವಾಗ ಒಂದೀಟೂ ಗುಂಯ್ ಅನ್ನಲಿಲ್ಲ. ಕೇಳಿದ್ಯಾ?"