ಏಳನೆಯ ಗುರುತು

ಜುಲೈ 28, ಸೋಮವಾರ, ಬೆಳಗ್ಗೆ 9.10. ಲಿಟಲ್ ಟ್ಯಾಮರಾಕ್ ಸರೋವರದ ಕಾಟೇಜು ಮಾಲೀಕರ ಸಂಘದ ಅಧ್ಯಕ್ಷ ಗಾರ್ತ್ ಪೆಂಬರ್ಟನ್ ಠಾಣೆಗೆ ಬಂದಾಗ ದೂರನ್ನು ಟೈಪ್ ಮಾಡಿಸಿಯೇ ತಂದಿದ್ದ. ಅವನು ಟೊರಾಂಟೊದಲ್ಲಿ ವಕೀಲ. ದೂರಿನಲ್ಲಿ ಕ್ರಮಸಂಖ್ಯೆ ಹಾಕಿದ ಹನ್ನೊಂದು ಪ್ಯಾರಾಗಳಿದ್ದವು. ಸಾರ್ಜೆಂಟ್ ಥೆರಿಯೋ ಅದನ್ನು ನಿಂತೇ ಓದಿದ.

ಶನಿವಾರ ಮಧ್ಯಾಹ್ನ 3.25ಕ್ಕೆ, ಒಂದು ವಾರದ ಮಟ್ಟಿಗೆ ಕಾಟೇಜು ಬಾಡಿಗೆ ಹಿಡಿದಿದ್ದ ಕುಟುಂಬವೊಂದರ ದೋಣಿ ಪಾದ್ರಿ ಬಂಡೆಗೆ ಬಡಿದಿತ್ತು. ನೀರಿನ ಕೆಳಗೆ ಎರಡಡಿಯಲ್ಲಿ ಅಡಗಿರುವ ಬಂಡೆ ಅದು. ದೋಣಿಯ ಮುಂಭಾಗದಲ್ಲಿ ಕೂತಿದ್ದ ತೆರೇಸಾ ವಿಲನ್ಯೂವಾ ಎಂಬಾಕೆಯ ಎರಡೂ ಕಾಲು ಮುರಿದಿದ್ದವು. ಬಂಡೆಯ ಮೇಲೆ ತೇಲಬೇಕಿದ್ದ ಏಳನೆಯ ಗುರುತು, ಅಂದರೆ ಅಂಕಿ ಬರೆದ ಬಿಳಿ ಪ್ಲಾಸ್ಟಿಕ್ ಡಬ್ಬ, ಅಲ್ಲಿಂದ ಅರವತ್ತು ಗಜ ಪಶ್ಚಿಮಕ್ಕೆ ತೇಲುತ್ತಿತ್ತು. ಪ್ರತಿ ವರ್ಷ ಮೇ ತಿಂಗಳಲ್ಲಿ ಸಂಘದ ಪರವಾಗಿ ಈ ಗುರುತುಗಳನ್ನು ಇಡುವವನು ಡೆಲ್ ಕೂಂಬ್ಸ್. ಊರಲ್ಲಿ ದೋಣಿಕಟ್ಟೆ, ಅಂದರೆ ದೋಣಿ ನಿಲ್ಲಿಸುವ ಮರದ ಅಟ್ಟಣೆ, ಕಟ್ಟಿ ಬದುಕುವವನು. ದೂರು ಅವನ ಮೇಲೆ.

“ಅವನೇ ಅಂತ ಹೇಗೆ ಹೇಳ್ತೀರಿ?” ಥೆರಿಯೋ ಕೇಳಿದ.

“ಹೋದ ವರ್ಷದ ಸಭೇಲಿ ಅವನ ಕೆಲಸ ಸರಿಯಿಲ್ಲ ಅಂತ ಮಾತು ಬಂತು. ಆಮೇಲೆ ಬಾರಲ್ಲಿ ಕೂತು, ‘ಈ ಪಟ್ಟಣದೋರಿಗೆ ಒಂದಿನ ಬಂಡೆನೇ ಬುದ್ಧಿ ಕಲಿಸುತ್ತೆ’ ಅಂದಿದ್ದಾನೆ. ಕೇಳಿದೋರಿದ್ದಾರೆ.”

“ಈಗ ಏನಾಗಬೇಕು?”

“ಶನಿವಾರ ಹತ್ತಕ್ಕೆ ವಾರ್ಷಿಕ ಸಭೆ. ಅಷ್ಟರಲ್ಲಿ ಅವನ ಮೇಲೆ ಕೇಸ್ ಆಗಿರಬೇಕು. ಈ ಕೆರೇಲಿ ಯಾರೂ ಅವನಿಗೆ ಕೆಲಸ ಕೊಡಬಾರದು ಅಂತ ಠರಾವು ಮಾಡ್ತೀವಿ.”

ಸರೋವರದ ಸುತ್ತ ನೂರ ನಲವತ್ತು ಕಾಟೇಜುಗಳಿದ್ದವು. ಡೆಲ್‌ಗೆ ಬೇರೆಲ್ಲೂ ಕೆಲಸವಿರಲಿಲ್ಲ.

9.40ಕ್ಕೆ ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಥೆರಿಯೋ ಮತ್ತು ಕಾನ್‌ಸ್ಟೇಬಲ್ ಡಾನಾ ಮಕ್ರೇ ಸ್ಥಳ ಮಹಜರಿಗೆ ಠಾಣೆಯ ದೋಣಿಯಲ್ಲಿ ಹೊರಟರು. ಡೆಲ್‌ನನ್ನೂ ಕೂರಿಸಿಕೊಂಡಿದ್ದರು. ಐವತ್ತೆಂಟು ವರ್ಷದ ಆತ ದಾರಿಯುದ್ದಕ್ಕೂ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದ.

“ಗುರುತು ಗಾಳಿಗೆ ಸರಿದಿರಬಹುದಾ?” ಥೆರಿಯೋ ಕೇಳಿದ.

ಡೆಲ್ ಡಬ್ಬ ಹಿಡಿದು ಹಗ್ಗ ಮೇಲಕ್ಕೆಳೆದ. ಮೊದಲ ಐದಡಿ ಅವನು ಕಟ್ಟಿದ ಹಳದಿ ಹಗ್ಗ. ಅದರ ತುದಿಗೆ ಬಟ್ಟೆ ಒಣಹಾಕುವ ಬಿಳಿ ಹಗ್ಗವನ್ನು ಗಂಟು ಹಾಕಿ ಉದ್ದ ಮಾಡಲಾಗಿತ್ತು. ತಳದಲ್ಲಿ ಭಾರಕ್ಕೆಂದು ಸಿಮೆಂಟ್ ತುಂಬಿದ ಹಳೆಯ ಪೇಂಟ್ ಡಬ್ಬ. ಅಲ್ಲಿ ನೀರಿನ ಆಳ ಇಪ್ಪತ್ತೊಂದು ಅಡಿ.

“ಗಾಳಿ ಗಂಟು ಹಾಕುತ್ತಾ ಸಾರ್ಜೆಂಟ್? ಅಂಥ ಹಗ್ಗ ನಮ್ಮನೇಲೂ ಇದೆ. ಈಗಲೇ ಹೇಳಿಬಿಡ್ತೀನಿ, ಆಮೇಲೆ ಹುಡುಕಿ ತೆಗೆದು ‘ಸಿಕ್ತು’ ಅನ್ನಬೇಡಿ.”

“ಬಾರಲ್ಲಿ ಹಾಗಂದಿದ್ದು?”

“ನಿಜ. ಬಾರಲ್ಲಿ ಅಂದಿದ್ದಕ್ಕೆಲ್ಲ ಹಿಡಿಯೋದಾದ್ರೆ ನಿಮ್ಮ ಠಾಣೆ ಸಾಲಲ್ಲ.”

ಡಾನಾ ನಗಲಿಲ್ಲ. ಹಗ್ಗವನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದಳು. ಯಾರೋ ಬೇಕೆಂದೇ ಗುರುತನ್ನು ಸರಿಸಿದ್ದರು. ಆದರೆ ಯಾವಾಗ, ಯಾಕೆ?

ಮಂಗಳವಾರ, ಬುಧವಾರ ಇಬ್ಬರೂ ಮೂವತ್ತೊಂದು ಕಾಟೇಜುಗಳ ಬಾಗಿಲು ತಟ್ಟಿದರು. ಗುರುತು ಸರಿದದ್ದನ್ನು ಒಬ್ಬರೂ ಗಮನಿಸಿರಲಿಲ್ಲ.

“ಅದನ್ನ ಯಾರು ನೋಡ್ತಾರೆ ಕಣಮ್ಮ?” ಜಗಲಿಯಲ್ಲಿ ಕೂತು ಜೋಳದ ತೆನೆ ಸುಲಿಯುತ್ತಿದ್ದ ಹೆಂಗಸು ಡಾನಾಗೆ ಹೇಳಿದಳು. “ಪಾದ್ರಿ ಬಂಡೆ ಎಲ್ಲಿದೆ ಅಂತ ನಮ್ಮ ನಾಯಿಗೂ ಗೊತ್ತು. ನಮ್ಮಜ್ಜನ ಕಾಲದಿಂದ ಕಣ್ಣು ಮುಚ್ಕೊಂಡು ದೋಣಿ ಬಿಡ್ತೀವಿ.”

ಇದೇ ಮಾತನ್ನು ಎಲ್ಲರೂ ಹೇಳಿದರು. ಆಮೇಲೆ ಬಾಗಿಲವರೆಗೆ ಬಂದು, ದನಿ ತಗ್ಗಿಸಿ, ಪಕ್ಕದ ಮನೆಯವರ ಹೆಸರು ಹೇಳಿದರು. ಕಾಟೇಜು ಬಾಡಿಗೆಗೆ ಕೊಡುವವರ ಮೇಲೆ ಕೊಡದವರಿಗೆ ಅನುಮಾನ. ಪೆಂಬರ್ಟನ್‌ನ ದೊಡ್ಡ ದೋಣಿಯ ಅಲೆಗೆ ದೋಣಿಕಟ್ಟೆ ಸಡಿಲವಾದವರಿಗೆ ಪೆಂಬರ್ಟನ್ ಮೇಲೆ. ಡೆಲ್ ಹೆಸರನ್ನು ಹತ್ತೊಂಬತ್ತು ಜನ ಹೇಳಿದರು.

ಯಾರ ಹೆಸರನ್ನೂ ಹೇಳದವರು ಇನೆಜ್ ಬ್ರೌಟನ್ ಒಬ್ಬರೇ. ಎಪ್ಪತ್ತನಾಲ್ಕು ವರ್ಷ, ಒಂಟಿ. ಸಂಘದ ಪರವಾಗಿ ಪ್ರತಿ ಭಾನುವಾರ ನೀರಿನ ಆಳ, ಬಿಸಿ, ತಿಳಿತನ ಅಳೆದು ಬರೆದಿಡುವವರು. ಡಾನಾಗೆ ಈಜು ಕಲಿಸಿದವರೂ ಅವರೇ. ಚಹಾ ಕೊಟ್ಟರು, ಸೊಳ್ಳೆ ಬಗ್ಗೆ ಮಾತಾಡಿದರು.

“ಆ ಹೆಂಗಸು ನಡೀತಾಳಂತಾ?” ಎಂದು ಮಾತ್ರ ಎರಡು ಸಲ ಕೇಳಿದರು.

“ಗೊತ್ತಿಲ್ಲ ಮಿಸೆಸ್ ಬ್ರೌಟನ್. ಇನ್ನೂ ಒಂದು ಆಪರೇಷನ್ ಇದೆ,” ಎಂದಳು ಡಾನಾ.

ಗುರುವಾರ ಸಂಜೆ 5ಕ್ಕೆ ಪೆಂಬರ್ಟನ್ ಫೋನ್ ಮಾಡಿದ.

“ಇನ್ನೂ ಹಿಡಿದಿಲ್ವಾ? ನಾನು ಮೇಲಿನೋರ ಹತ್ರ ಮಾತಾಡಬೇಕಾ?”

“ಮಾತಾಡಿ. ನನಗೂ ಅವರು ಸಿಗೋದು ಅಪರೂಪ. ಕೇಳ್ದೆ ಅಂತ ಹೇಳಿ,” ಎಂದು ಥೆರಿಯೋ ಫೋನ್ ಇಟ್ಟ. ಬಳಿಕ ಡಾನಾ ಕಡೆ ತಿರುಗಿ, “ನಾಳೆಯೊಳಗೆ ಏನೂ ಸಿಗದಿದ್ರೆ ಡೆಲ್‌ನ ಕರೀಬೇಕಾಗುತ್ತೆ,” ಎಂದ.

ಸಂಘದ ವಾರ್ಷಿಕ ಪುಸ್ತಿಕೆ ಎರಡು ವಾರದ ಹಿಂದೆಯೇ ಪ್ರತಿ ಕಾಟೇಜಿಗೂ ಅಂಚೆಯಲ್ಲಿ ಹೋಗಿತ್ತು. ಠಾಣೆಗೂ ಒಂದು ಪ್ರತಿ ಬಂದಿತ್ತು. ಡಾನಾ ಅದನ್ನು ಮೊದಲಿನಿಂದ ಓದತೊಡಗಿದಳು: ಸಭೆಯ ವಿಷಯಪಟ್ಟಿ, ದೋಣಿ ಪಂದ್ಯದ ಫಲಿತಾಂಶ, ಹಿಂದಿನ ಸಭೆಗಳ ನಡಾವಳಿ. ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ನೀರಿನ ವರದಿ. ಪ್ರತಿ ಗುರುತಿನ ಪಕ್ಕದಲ್ಲಿ ಅಳೆದ ಆಳ ಅದರಲ್ಲಿತ್ತು.

“ಸಾರ್ಜೆಂಟ್, ಇಲ್ಲಿ ಬನ್ನಿ.”

ಏಳನೆಯ ಗುರುತು. ಜೂನ್ 29: ಎರಡಡಿ. ಜುಲೈ 6: ಎರಡಡಿ. ಜುಲೈ 13: ಇಪ್ಪತ್ತೊಂದು ಅಡಿ.

ಥೆರಿಯೋ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ.

“ನೂರ ನಲವತ್ತು ಮನೆಗೆ ಹೋಗಿದೆ ಇದು,” ಎಂದ.

ಆಗಸ್ಟ್ 1, ಶುಕ್ರವಾರ, ಬೆಳಗ್ಗೆ 8.30. ಇನೆಜ್ ಅಡುಗೆಮನೆಯ ಮೇಜಿನ ಮೇಲೆ ಪುಸ್ತಿಕೆ ತೆರೆದಿಟ್ಟು ಥೆರಿಯೋ ಕೇಳಿದ:

“ಜುಲೈ ಹದಿಮೂರಕ್ಕೆ ಅಳೆದೋರು ನೀವೇನಾ?”

“ನಾನೇ.”

“ಒಂದೇ ವಾರದಲ್ಲಿ ಹತ್ತೊಂಬತ್ತು ಅಡಿ ಹೆಚ್ಚು. ಯಾಕೆ ಅನ್ನಿಸಲಿಲ್ವಾ?”

ಇನೆಜ್ ಡಾನಾ ಕಡೆ ತಿರುಗಿದರು. “ನೀನು ಓದಿದ್ಯಾ?”

“ಓದಿದೆ.”

“ಪೂರ್ತಿನಾ?”

“ಪೂರ್ತಿ. ಗುರುತು ಸರಿಸಿದ್ದು ನೀವೇನಾ ಮಿಸೆಸ್ ಬ್ರೌಟನ್?”

“ಹೂಂ. ಹನ್ನೆರಡನೇ ತಾರೀಕು ಬೆಳಗ್ಗೆ, ಐದೂವರೆಗೆ.”

“ಮತ್ತೆ ನಿಜವಾದ ಅಂಕಿ ಯಾಕೆ ಬರೆದಿರಿ?” ಥೆರಿಯೋ ಕೇಳಿದ.

“ಇಪ್ಪತ್ತೆರಡು ವರ್ಷದ ಪಟ್ಟಿ ಅದು. ಅದರಲ್ಲಿ ಸುಳ್ಳು ಬರೆಯೋದು ಹೇಗಪ್ಪ?”

ಉಳಿದದ್ದನ್ನು ಅವರು ತಡೆತಡೆದು ಹೇಳಿದರು. ಪಾದ್ರಿ ಬಂಡೆಯ ಪಶ್ಚಿಮಕ್ಕಿರುವ ನಡುಗಡ್ಡೆಯಲ್ಲಿ ಒಂದು ಜೋಡಿ ಲೂನ್ ಹಕ್ಕಿ ಗೂಡು ಕಟ್ಟುತ್ತದೆ. ನೆಲದ ಮೇಲೆ ಸರಿಯಾಗಿ ನಡೆಯಲಾರದ ಹಕ್ಕಿ; ನೀರಂಚಿನಲ್ಲೇ ಮೊಟ್ಟೆ ಇಡುತ್ತದೆ. ದೊಡ್ಡ ದೋಣಿಗಳ ಅಲೆಗೆ ಸತತ ಮೂರು ವರ್ಷ ಮೊಟ್ಟೆಗಳು ಕೊಚ್ಚಿಹೋಗಿದ್ದವು. ಈ ಜೂನ್‌ನಲ್ಲೂ ಹೋದವು. ಆ ತಿಂಗಳ ಕೊನೆಗೆ ಹಕ್ಕಿ ಮತ್ತೆ ಇಟ್ಟಿತು. ಗುರುತನ್ನು ಪಶ್ಚಿಮಕ್ಕೆ ಸರಿಸಿದರೆ ಆ ಕಡೆಯ ದಾರಿ ಮುಚ್ಚಿದಂತೆ ಕಂಡು ದೋಣಿಗಳು ದೂರದಿಂದ ಹೋಗುತ್ತವೆ ಎಂದುಕೊಂಡರು. ಹಾಗೇ ಆಯಿತು; ಯಾವ ಗುರುತು ಎಂದು ನೋಡದವರೂ ಡಬ್ಬ ಕಂಡಲ್ಲಿ ಅಭ್ಯಾಸದಿಂದ ಸುತ್ತಿ ಹೋದರು.

“ಬಂಡೆ ಮೇಲೆ ಗುರುತಿಲ್ಲದ ಹಾಗಾಯ್ತಲ್ಲ,” ಎಂದ ಥೆರಿಯೋ.

“ಪಾದ್ರಿ ಬಂಡೆ ಎಲ್ಲರಿಗೂ ಗೊತ್ತಲ್ಲಪ್ಪ.” ಅವರೇ ಮುಂದುವರಿಸಿದರು: “ಬಾಡಿಗೆಯವರು ನನಗೆ ಹೊಳೀಲೇ ಇಲ್ಲ. ದೋಣಿ ಬಡಿದ ಮಾರನೇ ದಿನ, ಭಾನುವಾರ, ಮರಿ ಹೊರಗೆ ಬಂತು. ಅವತ್ತೇ ವಾಪಸ್ ಇಡಬೇಕು ಅಂತಿದ್ದೆ. ಒಂದೇ ದಿನ.”

ಡಾನಾ ಬರೆಯುವುದನ್ನು ನಿಲ್ಲಿಸಿದಳು. “ಡೆಲ್ ಮೇಲೆ ಎಲ್ಲರೂ ಬಿದ್ದಾಗ ಸುಮ್ಮನಿದ್ರಲ್ಲ.”

“ನಾಳೆ ಸಭೇಲಿ ಹೇಳೋಳಿದ್ದೆ.”

“ನಾಳೆವರೆಗೆ ಯಾಕೆ?”

“ಮೂರು ವರ್ಷದಿಂದ ಆ ದಾರೀಲಿ ನಿಧಾನ ಹೋಗಿ ಅಂತ ಕೇಳೋಕೆ ಹೆಸರು ಕೊಡ್ತಿದ್ದೀನಿ. ನನ್ನ ವಿಷಯ ಯಾವಾಗ್ಲೂ ಕೊನೇದು. ಅಷ್ಟೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿರ್ತಾರೆ.” ಇನೆಜ್ ಪುಸ್ತಿಕೆಯನ್ನು ಮುಚ್ಚಿದರು. “ನಾಳೆ, ಈ ಕೇಸ್ ಇರೋದ್ರಿಂದ, ಕೂತು ಕೇಳ್ತಿದ್ರು. ತಪ್ಪು, ಡಾನಾ. ಡೆಲ್‌ಗೆ ನಾನು ಮಾಡಿದ್ದು ಅದಕ್ಕಿಂತ ತಪ್ಪು. ಆದ್ರೂ ಒಂದು ಸಲ ಅವರು ಕೂತು ಕೇಳೋದನ್ನ ನೋಡಬೇಕು ಅಂತ ಆಸೆ ಇತ್ತು.”

9.20ಕ್ಕೆ ಬಂಧನ. ಜಲಮಾರ್ಗದ ಗುರುತು ಸ್ಥಳಾಂತರಿಸಿದ್ದು, ಅದರಿಂದ ತೀವ್ರ ಗಾಯಕ್ಕೆ ಕಾರಣವಾದದ್ದು. ಡೆಲ್ ಕೂಂಬ್ಸ್ ಮೇಲಿನ ಆರೋಪ ಕೈಬಿಡಲಾಗಿದೆ ಎಂಬ ಪತ್ರ ಹತ್ತು ಗಂಟೆಗೆ ಸಂಘಕ್ಕೆ ಹೋಯಿತು.

ಬಂಧನದ ವರದಿಯಲ್ಲಿ, ಅಪರಾಧದ ಪ್ರೇರಣೆ ಎಂಬ ಅಂಕಣದಲ್ಲಿ, ಥೆರಿಯೋ ಮೊದಲು ‘ಹಕ್ಕಿ’ ಎಂದು ಬರೆದ. ಆಮೇಲೆ ಅದನ್ನು ಹೊಡೆದುಹಾಕಿ, ‘ಆರೋಪಿಯ ಮಾತನ್ನು ಯಾರೂ ಕೇಳಿರಲಿಲ್ಲ’ ಎಂದು ಬರೆದು ಸಹಿ ಹಾಕಿದ.