ಗೋಪುರದಿಂದ ಕಾಣದ ಮೀನು

ಬಲು ಹಿಂದೆ, ಹೊಂಬೆಟ್ಟವೆಂಬ ರಾಜ್ಯದಲ್ಲಿ ಧೂಮಾಕ್ಷನೆಂಬ ಮಾಂತ್ರಿಕನಿದ್ದ. ಬೆಳಿಗ್ಗೆ ಒಂದು ಜಾಗಕ್ಕೆ ಹೋಗಿ, ಅಲ್ಲೇ ನಿಂತು ಅದರ ಹೆಸರು ಸಾರುತ್ತಿದ್ದ. ಸಂಜೆಯೊಳಗೆ ಅಲ್ಲಿನ ಜೀವಗಳನ್ನೆಲ್ಲ ತನ್ನ ಸೋರೆಬುರುಡೆಯೊಳಗೆ ಎಳೆದುಕೊಳ್ಳುತ್ತಿದ್ದ. ಸಾರಿದ್ದು ಒಮ್ಮೆ ತಪ್ಪಿದರೂ ಬುರುಡೆ ಒಡೆಯುತ್ತದೆ. ಆದರೆ ಅದು ತಪ್ಪಿದ್ದೇ ಇಲ್ಲ.

ಅರಸ ವೀರನಂಜನ ಬಳಿ ಇದ್ದದ್ದು ಮೂರೇ ಮೂರು ಕಾಪಿನ ದಾರ. ದಾರ ಸುತ್ತಿದ ಜಾಗಕ್ಕೆ ಮಾಂತ್ರಿಕ ಕಾಲಿಡುವಂತಿಲ್ಲ. ಯಾವ ಜಾಗಕ್ಕೆ ಸುತ್ತುವುದು? ಎಲ್ಲೆಲ್ಲಿ ಯಾವ ಜೀವಗಳಿವೆ ಎಂದು ಎಣಿಸಬೇಕು. ಆ ರಾಜ್ಯದ ಪದ್ಧತಿಯಂತೆ ಏನನ್ನು ಎಣಿಸಬೇಕಾದರೂ ಅರಸ ಗೋಪುರ ಹತ್ತಿಯೇ ಎಣಿಸಬೇಕು. ಹತ್ತಿದ. ಆನೆಗಳು ಕಂಡವು, ಮೊದಲ ದಾರ ಆನೆಕಾಡಿಗೆ. ನವಿಲುಗಳು ಕಂಡವು, ಎರಡನೆಯದು ನವಿಲುಗುಡ್ಡಕ್ಕೆ. ಮೂರನೆಯದನ್ನು ಜಿಂಕೆಗಳ ಹುಲ್ಲುಗಾವಲಿಗೆ ಕಳಿಸಬೇಕು, ಅಷ್ಟರಲ್ಲಿ ಹೊಳೆಯಲ್ಲಿ ಹರಿಗೋಲು ನಡೆಸುವ ದೇವೀರಮ್ಮ ಕೆಳಗಿನಿಂದ ಕೂಗಿದಳು.

"ಬುದ್ಧೀ, ನೀರೊಳಗಿರೋವನ್ನ ಯಾರು ಎಣಿಸಿದ್ರು?"

"ನೀರಲ್ಲಿ ನೀರಿದೆ, ಇನ್ನೇನಿದೆ?" ಎಂದ ಅರಸ. ಪಾಪ, ಗೋಪುರದಿಂದ ಕಾಣುವುದು ಅಷ್ಟೇ.

"ಇಳಿದು ಬಂದು ನೋಡಿ. ಇವತ್ತು ಕಡೇ ಮಡು ಅಂತ ಸಾರವ್ನೆ ಆ ಪಾಪಿ!"

ಅರಸನಿಗೆ ಕುತೂಹಲ ತಡೆಯಲಾಗಲಿಲ್ಲ. ದಾರ ಹಿಡಿದು ಹರಿಗೋಲು ಹತ್ತಿದ. ಮೊದಲ ಮಡುವಿನಲ್ಲಿ ಇಣುಕಿದರೆ ನೀರುನಾಯಿಗಳು.

"ಇವು ಬೇರೆಲ್ಲಾದರೂ ಇವೆಯಾ?"

"ಆನೆಕಾಡಿನ ತೊರೇಲೂ ಅವೆ, ಬುದ್ಧಿ."

ಎರಡನೆಯ ಮಡುವಿನಲ್ಲಿ ಆಮೆಗಳು.

"ಇವು?"

"ನವಿಲುಗುಡ್ಡದ ಕೆರೇಲೂ ಅವೆ."

ಕಡೆಯ ಮಡುವಿನಲ್ಲಿ ಬೆರಳುದ್ದದ ಮೀನುಗಳು ಹಣತೆಯಂತೆ ಬೆಳಗುತ್ತಿದ್ದವು.

"ಇವು?"

ದೇವೀರಮ್ಮ ಹುಟ್ಟನ್ನು ಬದಿಗಿಟ್ಟಳು. "ಇಲ್ಲಿ ಬಿಟ್ರೆ ಎಲ್ಲೂ ಇಲ್ಲ. ನಮ್ಮವ್ವ ಸಾಯೋವಾಗ ನನಗೆ ಒಪ್ಪಿಸಿದ ಮೀನು ಇವು. ಹೋದ್ರೆ ಹೋದಂಗೇ."

ಅರಸ ಹುಲ್ಲುಗಾವಲಿನತ್ತ ತಿರುಗಿ ನೋಡಿದ. "ಜಿಂಕೆಗಳು?"

"ಆನೆಕಾಡಲ್ಲೂ ಜಿಂಕೆ ಅವೆಯಲ್ಲಾ."

ಅರಸನಿಗೆ ಸಂಕಟವಾಯಿತು. ಹುಲ್ಲುಗಾವಲು ಅವನು ಆಡಿ ಬೆಳೆದ ಜಾಗ. ಆದರೂ ಮೂರನೆಯ ದಾರವನ್ನು ತನ್ನ ಕೈಯಾರೆ ಮಡುವಿಗೆ ಸುತ್ತಿದ. ಕೊನೆಯ ಗಂಟು ಬೀಳುವ ಹೊತ್ತಿಗೆ ಧೂಮಾಕ್ಷ ಬಂದೇಬಿಟ್ಟ. ಬಲಗಡೆಯಿಂದ ನುಗ್ಗಿದ, ಆಗಲಿಲ್ಲ. ಎಡಗಡೆಯಿಂದ ನುಗ್ಗಿದ, ಆಗಲಿಲ್ಲ. ಮೇಲಿನಿಂದ ಹಾರಿದ, ಆಗಲೇ ಇಲ್ಲ. ಸೂರ್ಯ ಮುಳುಗಿದ. ಬುರುಡೆ ಫಟ್ಟೆಂದು ಒಡೆದು, ನುಂಗಿದ್ದ ಜೀವಗಳೆಲ್ಲ ಹಾರುತ್ತ, ಈಜುತ್ತ, ಕುಪ್ಪಳಿಸುತ್ತ ಹೊರಬಂದವು. ಮಾಂತ್ರಿಕ ಹೊಗೆಯಾಗಿ ಹೋದ.

ಅರಸ ಗೋಪುರ ಕೆಡವಿ, ಆ ಕಲ್ಲುಗಳಿಂದ ಹೊಳೆಗೆ ಮೆಟ್ಟಿಲು ಕಟ್ಟಿಸಿದ. ಹೊಂಬೆಟ್ಟದವರೆಲ್ಲ ಸುಖವಾಗಿದ್ದರು. ಈಗಲೂ ಅಲ್ಲಿ ಎಣಿಕೆ ಶುರುವಾಗುವುದು ಕಡೆಯ ಮೆಟ್ಟಿಲಿನಿಂದ. ನೀರಿಗೆ ಬಗ್ಗಿ ಮೊದಲು ಕೇಳುವುದು ಒಂದೇ ಮಾತು: "ನೀನು ಬೇರೆಲ್ಲಾದರೂ ಇದ್ದೀಯಾ?"